ಹೊಸ ಮನೆಗಳು ಎಲ್ಲಿ: ಪಟ್ಟಣದಂಚಿಗೋ, ಗ್ರಾಮಠಾಣಾಕ್ಕೋ, ಹೊಲಕ್ಕೋ?

ಪಂಚಾಯಿತಿ ಮೊದಲು ನೋಡಬೇಕಾದ್ದು ನೀರು, ರಸ್ತೆ, ಕರೆಂಟ್ ಕಂಬದ ಖರ್ಚು. ಗ್ರಾಮಠಾಣಾದಲ್ಲಿ, ಅಂದರೆ ಊರಿನ ಮನೆಗಳಿಗೆಂದೇ ಇರುವ ಜಾಗದಲ್ಲಿ, ಓವರ್‌ಹೆಡ್ ಟ್ಯಾಂಕಿನ ಪೈಪು ಬಹುಪಾಲು ಬೀದಿಗೆ ಬಂದೇ ಇರುತ್ತದೆ, ನಲ್ಲಿ ಕೊಟ್ಟರಾಯಿತು. ಹೊಲದ ನಡುವಿನ ಒಂಟಿ ಮನೆಗೆ ಅರ್ಧ ಕಿಲೋಮೀಟರ್ ಪೈಪು ಎಳೆದರೂ ತುದಿಯಲ್ಲಿ ಒತ್ತಡ ಸಾಲದು, ಬೇಸಿಗೆಯಲ್ಲಿ ಟ್ಯಾಂಕರೇ ಗತಿ. ಪಟ್ಟಣದಂಚಿನ ಬಡಾವಣೆಗೆ ಒಳಚರಂಡಿ ಸಿಗಬಹುದು. ಆದರೆ ಅಲ್ಲಿನ ಚರಂಡಿ ದೊಡ್ಡ ಕಾಲುವೆಗೆ ಸೇರದಿದ್ದರೆ ಮೊದಲ ಮಳೆಗೇ ಬಣ್ಣ ಬಯಲು.

ದಾಖಲೆಯಲ್ಲೂ ಗ್ರಾಮಠಾಣಾ ಸಲೀಸು: ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಎಂಬ ಆಸ್ತಿ ಪತ್ರಗಳು ಸಿಗುತ್ತವೆ. ಹೊಲವನ್ನು ಬಡಾವಣೆ ಮಾಡಲು ಸಾಮಾನ್ಯವಾಗಿ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ) ಬೇಕು, ನಕ್ಷೆಗೂ ಅನುಮೋದನೆ ಬೇಕು. ಇವಿಲ್ಲದ ರೆವಿನ್ಯೂ ಸೈಟಿಗೆ ಬ್ಯಾಂಕ್ ಸಾಲ ಹುಟ್ಟುವುದು ಕಷ್ಟ. ರೈತ ತನ್ನ ಜಮೀನಲ್ಲೇ ಕಟ್ಟಿಕೊಳ್ಳುವ ತೋಟದ ಮನೆಗೆ ಅದೇ ಕಲಮಿನಲ್ಲಿ ಮಿತಿಯೊಳಗೆ ಅವಕಾಶವಿದೆ.

ಹಸು, ಪಂಪ್‌ಸೆಟ್ ಕಾಯಬೇಕಾದವರಿಗೆ ತೋಟದ ಮನೆಯೇ ಸರಿ. ಬಸ್ಸು, ಕಾಲೇಜು, ಬಾಡಿಗೆ ಆದಾಯ ನೆಚ್ಚಿದವರಿಗೆ ಪಟ್ಟಣದಂಚು. ಕೂಡುಕುಟುಂಬ ಒಡೆದು ಬೇರೆ ಸೂರು ಬೇಕಾದವರಿಗೆ ಗ್ರಾಮಠಾಣಾ. ಊರೊಳಗೆ ಬೀಗ ಬಿದ್ದ ಹಳೆ ಮನೆಗಳಿದ್ದರೆ ಆ ಜಾಗವನ್ನೇ ಬಳಸುವುದು ಇನ್ನೂ ಒಳ್ಳೆಯದು. ಕಗ್ಗಂಟೂ ಅಲ್ಲೇ: ಖಾತೆ ಅಜ್ಜನ ಹೆಸರಲ್ಲಿ, ಪಾಲುದಾರರು ಬೆಂಗಳೂರಲ್ಲಿ. ಎಲ್ಲರ ಸಹಿ ಬೀಳುವ ಮುಂಚೆ ಇಟ್ಟಿಗೆ ಇಳಿಸಬೇಡಿ.