ಸೊಪ್ಪಿನ ಚೀಲದಲ್ಲೊಂದು ಕ್ಯಾಮೆರಾ: ರಿಕೋ ಜಿಆರ್ 3 ಜೊತೆ ಎರಡು ವರ್ಷ

ಮೊದಲು ನನ್ನ ಹತ್ತಿರ ಇದ್ದದ್ದು ದೊಡ್ಡ ಡಿಎಸ್‌ಎಲ್‌ಆರ್, ಅದಕ್ಕೊಂದು ಮೊಳದುದ್ದದ ಜೂಮ್ ಲೆನ್ಸು. ಅದನ್ನು ಹೆಗಲಿಗೆ ಹಾಕಿಕೊಂಡು ಭಾನುವಾರ ಬೆಳಗ್ಗೆ ಕೆ.ಆರ್. ಮಾರ್ಕೆಟ್ಟಿಗೆ ಹೋದರೆ "ಯಾವ ಚಾನೆಲ್ಲು ಮೇಡಂ?" ಅಂತ ಕೇಳುತ್ತಿದ್ದರು. ಕೊತ್ತಂಬರಿ ಕಟ್ಟು ಎಣಿಸುತ್ತಿದ್ದವರು ಕೈ ನಿಲ್ಲಿಸಿ, ಕೂದಲು ಸರಿ ಮಾಡಿಕೊಂಡು ನೆಟ್ಟಗೆ ನಿಂತುಬಿಡುತ್ತಿದ್ದರು. ನನಗೆ ಬೇಕಾಗಿದ್ದದ್ದು ಆ ಎಣಿಸುವ ಕೈ.

ಹಾಗಾಗಿ ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ರಿಕೋ ಜಿಆರ್ 3 ತಗೊಂಡೆ, 58,000 ರೂಪಾಯಿಗೆ. "ಇಷ್ಟು ಸಣ್ಣದಕ್ಕೆ ಅಷ್ಟು ದುಡ್ಡಾ!" ಅಂದರು ಮನೆಯಲ್ಲಿ. ಬ್ಯಾಟರಿ, ಕಾರ್ಡು ಎಲ್ಲ ಸೇರಿ ಇದರ ತೂಕ 257 ಗ್ರಾಂ. ಸೊಪ್ಪಿನ ಚೀಲದ ಪಕ್ಕದ ಜೇಬಿನಲ್ಲಿ ಕೂರುತ್ತದೆ. ಆದರೆ ಒಳಗೆ ಬೆಳಕು ಹಿಡಿದು ಚಿತ್ರವಾಗಿಸುವ ಎಪಿಎಸ್-ಸಿ ಅಳತೆಯ ಸೆನ್ಸರ್ ನನ್ನ ಹಳೇ ಡಿಎಸ್‌ಎಲ್‌ಆರ್‌ನಲ್ಲಿ ಇದ್ದಷ್ಟೇ ದೊಡ್ಡದು, 24 ಮೆಗಾಪಿಕ್ಸೆಲ್. 2019ರ ಮಾಡೆಲ್. ಜಪಾನಿನ ಛಾಯಾಗ್ರಾಹಕ ದೈದೊ ಮೊರಿಯಾಮಾ ಬೀದಿ ಚಿತ್ರಗಳಿಗೆ ಬಹಳ ವರ್ಷ ಬಳಸಿದ್ದು ಇದೇ ಜಿಆರ್ ಸರಣಿಯ ಕ್ಯಾಮೆರಾಗಳನ್ನು. ಅದನ್ನು ಓದಿಯೇ ನನಗೂ ಆಸೆ ಹುಟ್ಟಿದ್ದು, ಸುಳ್ಳು ಯಾಕೆ ಹೇಳಲಿ.

ಇದರ ನಿಜವಾದ ಬಂಡವಾಳ ಸ್ನ್ಯಾಪ್ ಫೋಕಸ್. ದೂರವನ್ನು ಮೊದಲೇ ಗೊತ್ತು ಮಾಡಿ ಇಟ್ಟುಬಿಡಬಹುದು, ಉದಾಹರಣೆಗೆ ಒಂದೂವರೆ ಮೀಟರ್. ಆಮೇಲೆ ಬಟನ್ ಪೂರ್ತಿ ಒತ್ತಿದರೆ ಕ್ಯಾಮೆರಾ ಫೋಕಸ್ ಹುಡುಕುತ್ತಾ ಕೂರುವುದಿಲ್ಲ, ಒತ್ತಿದ ತಕ್ಷಣ ಚಿತ್ರ. ಬಿಸಿಲಲ್ಲಿ ಅವೆನ್ಯೂ ರೋಡಿನಲ್ಲಿ ಲೆನ್ಸಿನ ಬೆಳಕಿನ ಕಿಂಡಿ ಸಣ್ಣದು ಮಾಡಿ ಎಫ್8 ಇಟ್ಟರೆ ಸುಮಾರು ಒಂದು ಮೀಟರಿನಿಂದ ನಾಲ್ಕೈದು ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ನಸುಕಿನಲ್ಲಿ ಹೂವಿನ ಮಾರ್ಕೆಟ್ ಒಳಗೆ ಬಲ್ಬಿನ ಬೆಳಕೇ ಗತಿ. ಅಲ್ಲಿ ಕಿಂಡಿ ದೊಡ್ಡದು ಮಾಡಿ ಎಫ್4ಕ್ಕೆ ಇಳಿಯುತ್ತೇನೆ, ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 6400 ತನಕ ಹೋಗಲಿ ಅಂತ ಬಿಡುತ್ತೇನೆ. ಸ್ವಲ್ಪ ಕಾಳು ಕಾಳಾಗಿ ಬರುತ್ತದೆ, ಬರಲಿ. ಶಟರ್ ಸದ್ದು ಪಕ್ಕದಲ್ಲಿ ನಿಂತವರಿಗೂ ಕೇಳಿಸುವುದಿಲ್ಲ.

ಮೊದಲ ತಿಂಗಳು ಇದನ್ನು ಸೊಂಟದ ಹತ್ತಿರ ಹಿಡಿದು, ಬೇರೆ ಕಡೆ ನೋಡುತ್ತಾ, ಕದ್ದು ತೆಗೆದೆ. ಸಿಕ್ಕಿದ್ದು ಬರೀ ಗಡ್ಡ, ಮೂಗಿನ ಹೊಳ್ಳೆ, ತಗಡಿನ ಸೂರು. ಅಷ್ಟೇ ಅಲ್ಲ, ನನಗೇ ಒಂಥರಾ ಆಗುತ್ತಿತ್ತು. ಗೊತ್ತಿಲ್ಲದ ಗಂಡಸೊಬ್ಬ ನನ್ನನ್ನು ಹೀಗೆ ತೆಗೆದರೆ ಸುಮ್ನೆ ಬಿಡ್ತೀನಾ? ಚರ್ಚ್ ಸ್ಟ್ರೀಟಿನಲ್ಲಿ ಹೆಣ್ಣುಮಕ್ಕಳನ್ನು ಕದ್ದು ವಿಡಿಯೋ ಮಾಡಿ ಇನ್‌ಸ್ಟಾಗ್ರಾಮಿಗೆ ಹಾಕಿದ ಆರೋಪದ ಮೇಲೆ 2025ರ ಜುಲೈನಲ್ಲಿ ಪೊಲೀಸರು ಒಬ್ಬನನ್ನು ಹಿಡಿದರಲ್ಲ, ಅದಾದ ಮೇಲಂತೂ ಜನ ಕ್ಯಾಮೆರಾ ಕಂಡರೆ ಜಾಸ್ತಿ ಗಮನಿಸುತ್ತಾರೆ. ಗಮನಿಸಲೇಬೇಕು.

ಈ ಕ್ಯಾಮೆರಾದಲ್ಲಿ ಜೂಮ್ ಇಲ್ಲ. 28 ಎಂಎಂ ನೋಟದ, ಅಂದರೆ ಅಗಲವಾಗಿ ಕಾಣುವ, ಒಂದೇ ಲೆನ್ಸು. ಮುಖ ದೊಡ್ಡದಾಗಿ ಬೇಕು ಅಂದರೆ ಕೈಚಾಚಿದರೆ ಸಿಗುವಷ್ಟು ಹತ್ತಿರ ಹೋಗಬೇಕು. ಅಷ್ಟು ಹತ್ತಿರ ನಿಂತು ಕದಿಯೋಕೆ ಆಗುವುದಿಲ್ಲ. ಈಗ ಎದೆಯ ಮಟ್ಟದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಹಿಡಿಯುತ್ತೇನೆ. ತೆಗೆದ ಮೇಲೆ ಕಣ್ಣಿಗೆ ಕಣ್ಣು ಸಿಕ್ಕರೆ ನಕ್ಕು ಸ್ಕ್ರೀನ್ ತೋರಿಸುತ್ತೇನೆ. ಬೇಡ ಅಂದರೆ ಅಲ್ಲೇ ಅಳಿಸುತ್ತೇನೆ. ಮಹಡಿಯ ಮೇಲೆ ನಿಂತು ಕೆಳಗಿನ ಹೂವಿನ ರಾಶಿ ತೆಗೆಯುವವರ ಸಾಲಿಗೆ ಈಗ ನಾನು ಸೇರುವುದಿಲ್ಲ. ಮೇಲಿನಿಂದ ಎಲ್ಲರ ಚಿತ್ರವೂ ಒಂದೇ ಥರ, ಬರೀ ತಲೆಗಳು.

ಸೇವಂತಿಗೆ ಮಾರುವ ಒಬ್ಬ ಅಜ್ಜಿ ಬಾಯಲ್ಲಿ ದಾರ ಕಚ್ಚಿಕೊಂಡು ಯಾರಿಗೋ ಚಿಲ್ಲರೆ ಕೊಡುತ್ತಿದ್ದರು. ಒಳ್ಳೆಯ ಚಿತ್ರ ಬಂತು. ಪ್ರಿಂಟ್ ಹಾಕಿಸಿ ಮುಂದಿನ ವಾರ ಕೊಟ್ಟೆ. ಬಲ್ಬಿನ ಕೆಳಗೆ ಹಿಡಿದು ನೋಡಿದರು. "ಏನಮ್ಮಾ ಇದು, ನನ್ನ ಮುಖ ಯಾರಿಗೆ ಬೇಕು? ಹೂವಿನ ರಾಶಿ ಅರ್ಧಕ್ಕೇ ಕತ್ತರಿಸಿದೀಯಲ್ಲ!" ಮತ್ತೆ ನೋಡಿದೆ. ಅಜ್ಜಿ ಹೇಳಿದ್ದೇ ಸರಿ. ಇನ್ನೊಂದು ಹೆಜ್ಜೆ ಹಿಂದೆ ನಿಲ್ಲಬೇಕಿತ್ತು. ಈಗ ಸ್ನ್ಯಾಪ್ ದೂರ ಎರಡು ಮೀಟರಿಗೆ ಇಟ್ಟಿದ್ದೇನೆ.

ಕೊರತೆಗಳೂ ಇವೆ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ಸ್ಕ್ರೀನಿನಲ್ಲಿ ನನ್ನ ಮುಖವೇ ಕಾಣುತ್ತದೆ. ಒಳಗೆ ಫ್ಲ್ಯಾಷ್ ಇಲ್ಲ, ಹಿಂದಿನ ಜಿಆರ್ 2ರಲ್ಲಿ ಇತ್ತು. ಮಳೆ, ಧೂಳಿಗೆ ತಡೆ ಇಲ್ಲ, ಅದಕ್ಕೇ ನಾನು ಜಿಪ್ ಇರುವ ಚಿಕ್ಕ ಪರ್ಸಿನಲ್ಲಿ ಇಡುತ್ತೇನೆ. ಬ್ಯಾಟರಿಗೆ ಸುಮಾರು 200 ಚಿತ್ರ ಅಂತ ಕಂಪನಿಯೇ ಹೇಳುತ್ತದೆ. ಮೆಚ್ಚಬೇಕಾದ್ದು 2 ಜಿಬಿ ಒಳ ಮೆಮೊರಿ. ಒಂದು ಭಾನುವಾರ ಕಾರ್ಡನ್ನು ಮನೆಯ ಕಂಪ್ಯೂಟರಿನಲ್ಲೇ ಬಿಟ್ಟು ಬಂದಿದ್ದೆ, ಅವತ್ತಿನ ಬೆಳಗ್ಗೆಯನ್ನು ಅದೇ ಉಳಿಸಿತು. ಕಪ್ಪು-ಬಿಳುಪು ಮೋಡ್ ಎಲ್ಲರೂ ಹೊಗಳುತ್ತಾರೆ. ಕನಕಾಂಬರದ ಮುಂದೆ ನಿಂತು ಅದನ್ನು ಹಾಕಲು ನನ್ನ ಕೈಲಾಗಲ್ಲ.

ಅಪರಿಚಿತರ ಹತ್ತಿರ ಹೋಗೋಕೆ ತೀರಾ ಸಂಕೋಚ ಇದ್ದರೆ 40 ಎಂಎಂ ನೋಟದ ಜಿಆರ್ 3ಎಕ್ಸ್ ನೋಡಿ, ಸ್ವಲ್ಪ ದೂರದಿಂದಲೂ ಮುಖ ದೊಡ್ಡದಾಗಿ ಬರುತ್ತದೆ. ಯಾವುದೇ ತಗೊಂಡರೂ ಇನ್ನೊಂದು ಬ್ಯಾಟರಿ ಜೊತೆಗೇ ತಗೊಳ್ಳಿ. ನನ್ನದು ಎಂಟು ಗಂಟೆಗೆ, ಸರಿಯಾಗಿ ಕಾಫಿ ಹೊತ್ತಿಗೆ, ಮುಗಿಯುತ್ತದೆ.