ಎನ್‌ಎಸ್‌ಜಿಎ-2 ಅಂತ ಹೇಳಿ ಬೇರೇನೋ ಮಾರ್ತಾರೆ, ದುಡ್ಡು ಕೊಡೋ ಮುಂಚೆ ಓದಿ

ಎನ್‌ಎಸ್‌ಜಿಎ-2 ಅಂದ್ರೆ ಒಂದಕ್ಕೊಂದು ಎದುರಾದ ಗುರಿಗಳಿಗೆ ಒಟ್ಟಿಗೆ ಒಳ್ಳೆ ಉತ್ತರಗಳನ್ನ ಹುಡುಕೋ ಕಂಪ್ಯೂಟರ್ ವಿಧಾನ. ಅದರ ಕೋಡ್ ಅಂತ ನಂಬಿ ಕೊಂಡು 35 ಸಾವಿರ ಹೋಯ್ತು. ದುಡ್ಡಿಗಿಂತ ಎಲ್ಲರೆದುರು ಮರ್ಯಾದೆ ಹೋಗಿದ್ದಕ್ಕೆ ಹೊಟ್ಟೆ ಉರೀತಿದೆ.

ಹಾಲು ಸಂಗ್ರಹದ ವ್ಯಾನ್‌ಗಳಿಗೆ ರೂಟ್ ಹಾಕೋ ಕೆಲಸ. ಡೀಸೆಲ್ ಖರ್ಚೂ ಇಳೀಬೇಕು, ಕ್ಯಾನ್‌ನಲ್ಲಿ ಹಾಲು ಕಾಯೋ ಹೊತ್ತೂ ಇಳೀಬೇಕು. ಒಂದು ಇಳಿಸಿದ್ರೆ ಇನ್ನೊಂದು ಏರತ್ತೆ. ಒಂದನ್ನ ಕೆಡಿಸದೆ ಇನ್ನೊಂದನ್ನ ಸುಧಾರಿಸೋಕೆ ಆಗದಂಥ ಎಲ್ಲ ಉತ್ತರಗಳ ಸಾಲು, ಅಂದ್ರೆ ಪ್ಯಾರೆಟೊ ಫ್ರಂಟ್, ಪೂರ್ತಿ ಬೇಕಿತ್ತು. ಟೈಮ್ ಇರಲಿಲ್ಲ, ರೆಡಿ ಕೋಡ್ ಮಾರೋರ ಹತ್ರ ಹೋದೆ. "ಎನ್‌ಎಸ್‌ಜಿಎ-2 ಸರ್, ಪಕ್ಕಾ" ಅಂದ್ರು. ಡೆಮೋದಲ್ಲಿ ಝಡ್‌ಡಿಟಿ1 (ಇಂಥ ಕೋಡ್ ಪರೀಕ್ಷಿಸೋಕೆ ಇರೋ ಸಿದ್ಧ ಲೆಕ್ಕ) ಓಡಿಸಿದ್ರು, ಕರ್ವ್ ನುಣ್ಣಗೆ ಬಂತು. ನಂಬಿಬಿಟ್ಟೆ.

ನಮ್ಮ ಡೇಟಾ ಹಾಕಿದ್ರೆ ಎರಡೇ ಎರಡು ಉತ್ತರ. ಒಂದು ಅಗ್ಗ, ಆದ್ರೆ ಹಾಲು ಕೆಡೋಷ್ಟು ನಿಧಾನ. ಇನ್ನೊಂದು ಬೇಗ, ಆದ್ರೆ ವ್ಯಾನ್ ಅರ್ಧ ಖಾಲಿ. ಡೇರಿ ಮ್ಯಾನೇಜರ್ ಕೇಳಿದ್ರು: "ಇವೆರಡರ ನಡುವೆ ಏನೂ ಇಲ್ವಾ?" ನಾನು ಎಲ್ಲರೆದುರು, "ಇಲ್ಲ ಸರ್, ಇದ್ದಿದ್ರೆ ಸಿಗ್ತಿತ್ತು" ಅಂದೆ. ಆ ಮಾತು ಈಗಲೂ ಚುಚ್ಚತ್ತೆ.

ಮಾರಿದವರನ್ನ ಕೇಳಿದೆ. "ಜನರೇಷನ್ ಜಾಸ್ತಿ ಮಾಡಿ." ಅಂದ್ರೆ ಹುಡುಕಾಟದ ಸುತ್ತುಗಳು. 200 ಇದ್ದಿದ್ದನ್ನ 2000 ಮಾಡಿದೆ. ಅದೇ ಎರಡು. "ಪಾಪ್ಯುಲೇಷನ್ ಜಾಸ್ತಿ ಮಾಡಿ." ಅಂದ್ರೆ ಒಂದು ಸುತ್ತಲ್ಲಿ ಇಟ್ಕೊಳ್ಳೋ ಉತ್ತರಗಳು. ಅದನ್ನೂ ಮಾಡಿದೆ. ಅದೇ ಎರಡು. "ನಿಮ್ಮ ಪ್ರಾಬ್ಲಮ್ಮೇ ಹಾಗಿದೆ ಸರ್."

ಸಿಟ್ಟಿಗೆ ಅವತ್ತು ರಾತ್ರಿನೇ ಅದೇ ಬಗೆಯ ಇನ್ನೊಂದು ಪರೀಕ್ಷೆ ಲೆಕ್ಕ, ಝಡ್‌ಡಿಟಿ2 ಓಡಿಸಿದೆ. ಝಡ್‌ಡಿಟಿ1ರ ಫ್ರಂಟ್ ಮೂಲಬಿಂದುವಿನ ಕಡೆ ಜೋತುಬಿದ್ದಿರತ್ತೆ, ಇದರದ್ದು ಆಚೆಗೆ ಉಬ್ಬಿರತ್ತೆ. ಚುಕ್ಕಿಗಳೆಲ್ಲ ಎರಡು ಮೂಲೆಗೆ ಹೋಗಿ ಗುಂಪಾಗಿ ಕೂತವು. ನಡುವೆ ಪೂರ್ತಿ ಖಾಲಿ. ಎದೆ ಧಸಕ್ಕಂತು. ಕೋಡ್ ಬಿಚ್ಚಿದೆ. ಎನ್‌ಎಸ್‌ಜಿಎ-2ರ ಮುಖ್ಯ ಭಾಗಗಳೇ ಇಲ್ಲ: ನಾನ್‌ಡಾಮಿನೇಟೆಡ್ ಸಾರ್ಟಿಂಗ್ (ಬೇರೆ ಯಾವುದೂ ಎಲ್ಲದರಲ್ಲೂ ಮೀರಿಸದ ಉತ್ತರಗಳನ್ನ ಮೇಲಿಡೋದು) ಇಲ್ಲ, ಕ್ರೌಡಿಂಗ್ ಡಿಸ್ಟನ್ಸ್ (ಉತ್ತರಗಳು ಒಂದೇ ಕಡೆ ಗುಂಪಾಗದಂತೆ ನೋಡೋ ಅಳತೆ) ಇಲ್ಲ. ಎರಡು ಗುರಿಗೂ ಒಂದೊಂದು ತೂಕ ಕೊಟ್ಟು ಕೂಡಿಸಿ, ತೂಕ ಬದಲಿಸ್ತಾ ಮಾಮೂಲಿ ಜೆನೆಟಿಕ್ ಅಲ್ಗಾರಿದಮ್ಮನ್ನ (ಉತ್ತರಗಳನ್ನ ಬೆರೆಸಿ, ಆರಿಸಿ ಸುತ್ತಿನಿಂದ ಸುತ್ತಿಗೆ ಸುಧಾರಿಸೋ ವಿಧಾನ) ಮತ್ತೆ ಮತ್ತೆ ಓಡಿಸಿದ್ದಾರೆ, ಅಷ್ಟೇ! ತೂಕ ಎಷ್ಟೇ ಬದಲಿಸಿ, ಉಬ್ಬಿದ ಭಾಗದ ಬಿಂದು ಅದಕ್ಕೆ ಸಿಗೋದೇ ಇಲ್ಲ.

ಕೇಳಿದ್ರೆ, "ಎರಡೂ ಒಂದೇ ಸರ್, ಹೆಸರು ಬೇರೆ." ಒಂದೇ ಅಂತೆ! ತೂಕದ ಹಂಗಿಲ್ಲದೆ ಒಂದೇ ಓಟದಲ್ಲಿ ಇಡೀ ಫ್ರಂಟ್ ಹಿಡಿಯೋಕೆ ಅಂತಲೇ ಕಾನ್ಪುರ ಐಐಟಿಯ ಕಲ್ಯಾಣ್‌ಮಯ್ ದೇಬ್ ಮತ್ತು ಜೊತೆಗಾರರು 2002ರಲ್ಲಿ ಎನ್‌ಎಸ್‌ಜಿಎ-2ರ ಪ್ರಬಂಧ ಬರೆದಿದ್ದು. ದುಡ್ಡು ವಾಪಸ್ ಕೇಳಿದೆ, ನಂಬರ್ ಬ್ಲಾಕ್ ಮಾಡಿದ್ರು.

ಪೈಥಾನ್‌ನ ಪೈಮೂ ಲೈಬ್ರರಿಯಲ್ಲಿ ಎನ್‌ಎಸ್‌ಜಿಎ-2 ಪುಕ್ಕಟೆ ಇದೆ. ಪುಕ್ಕಟೆ! ಅದೇ ಡೇಟಾ ಹಾಕಿದೆ, ನಡುವೆ 11 ರೂಟ್ ಬಂದವು.

ಕೊಂಡೇ ಕೊಳ್ತೀರಾ ಅಂದ್ರೆ ನಿಮ್ಮ ಕಣ್ಣೆದುರೇ ಝಡ್‌ಡಿಟಿ2 ಓಡಿಸೋಕೆ ಹೇಳಿ. ಬರೀ ಝಡ್‌ಡಿಟಿ1 ತೋರಿಸಿದ್ರೆ ಎದ್ದು ಬನ್ನಿ. ಕೋಡ್ ಕೊಡಲ್ಲ ಅಂದ್ರೂ ಎದ್ದು ಬನ್ನಿ.

ನಾಳೆ ಆ 11 ರೂಟ್ ಹಿಡ್ಕೊಂಡು ಮ್ಯಾನೇಜರ್ ಹತ್ರ ಹೋಗ್ಬೇಕು. ಅವತ್ತು ನೀವು ಕೇಳಿದ್ದೇ ಸರಿ ಇತ್ತು ಅಂತ ಹೇಳ್ಬೇಕು.