ಫೆಂಡರ್ 400 ಪೆಡಲ್ ಸ್ಟೀಲ್: ತಗೊಳ್ಳುವ ಮುನ್ನ ಮಗುಚಿ ನೋಡಿ

ಹೆಸರೂ ಇಲ್ಲದ, ಕಾಗದಪತ್ರವೂ ಇಲ್ಲದ ಹಳೆಯ ಪೆಡಲ್ ಸ್ಟೀಲ್ ಗಿಟಾರ್ ಎದುರಿಗೆ ಬಂದರೆ ಮೊದಲು ಅದನ್ನು ಮಗುಚಿ ಹಾಕಿ. ಮೇಲಿಂದ ನೋಡಿದರೆ ಹೆಚ್ಚುಕಮ್ಮಿ ಎಲ್ಲವೂ ಒಂದೇ ಥರ ಕಾಣುತ್ತವೆ. ಜಾತಕ ಇರುವುದು ಅಡಿಯಲ್ಲಿ. ನಾನು ತಗೊಂಡಿದ್ದರಲ್ಲಿ ಎಳೆಯುವ ಸರಳುಗಳ ಬದಲು ತೆಳ್ಳನೆಯ ಉಕ್ಕಿನ ಕೇಬಲ್‌ಗಳಿದ್ದವು. ಎಂಟು ತಂತಿ, ನಾಲ್ಕು ಪೆಡಲ್, ಸುತ್ತ ಎರಕದ ಅಲ್ಯೂಮಿನಿಯಂ ಚೌಕಟ್ಟು. ಇಷ್ಟು ಸಾಕು, ಅದು ಫೆಂಡರ್ 400.

ಮಾರಿದವರು ಅದರ ಮೇಲೆ ಹಚ್ಚಿದ್ದ ಚೀಟಿಯಲ್ಲಿ 'ಹವಾಯಿಯನ್ ಗಿಟಾರ್, 850 ಡಾಲರ್' ಅಂತ ಇತ್ತು. ಅಮೆರಿಕದ ಕಂಟ್ರಿ ಸಂಗೀತದ ತವರಾದ ಟೆನೆಸ್ಸಿಯಲ್ಲಿ ಕೂತುಕೊಂಡು ಪೆಡಲ್ ಸ್ಟೀಲ್ ಗುರುತಿಸದೆ ಇರುವುದು ದೊಡ್ಡ ಸಾಧನೆಯೇ! ನಾನೇನೂ ವಾದ ಮಾಡಲಿಲ್ಲ. ಇಲ್ಲಿಗೆ ಬರುವ ಮುಂಚೆ ಪೀಣ್ಯದ ಟೂಲ್ ರೂಮಿನಲ್ಲಿ ಕೆಲಸ ಮಾಡಿದವನು ನಾನು. ತುಕ್ಕು ಹಿಡಿದ ಯಂತ್ರ ಕಂಡರೆ ಕೈ ತುರಿಸುತ್ತದೆ. ಮನೆಗೆ ತಂದಾಗ ನನ್ನ ಹೆಂಡತಿ "ಏನ್ರೀ ಇದು, ಹೊಲಿಗೆ ಮಿಷನ್ನಾ?" ಅಂದಳು. ಕಾಲಲ್ಲಿ ಒತ್ತಬೇಕು, ಕೈಯಲ್ಲೂ ಕೆಲಸ ಇದೆ. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಗಿಟಾರನ್ನು ಕಾಲುಗಳ ಮೇಲೆ ನಿಲ್ಲಿಸಿ, ಅದರ ಮುಂದೆ ಕೂತು ನುಡಿಸುತ್ತಾರೆ. ಎಡಗೈಯಲ್ಲಿ ತಂತಿಯ ಮೇಲೆ ಜಾರಿಸುವ ಭಾರದ ದುಂಡನೆಯ ಉಕ್ಕಿನ ತುಂಡು, ಬಲಗೈ ಬೆರಳಿಗೆ ಪಿಕ್. ಪೆಡಲ್ ಒತ್ತಿದರೆ ಬೇಕಾದ ತಂತಿ ಮಾತ್ರ ಬಿಗಿಯಾಗಿ ಸ್ವರ ಏರುತ್ತದೆ, ಅಥವಾ ಸಡಿಲವಾಗಿ ಇಳಿಯುತ್ತದೆ. ಪಕ್ಕದ ತಂತಿ ನಿಂತಲ್ಲೇ ನಿಂತಿರುತ್ತದೆ. ಅಮೆರಿಕದ ಕಂಟ್ರಿ ಹಾಡುಗಳಲ್ಲಿ ಕೇಳಿಸುವ ಆ ಅಳುವ ದನಿ ಹುಟ್ಟುವುದು ಹೀಗೆ.

ಫೆಂಡರ್ ಕಂಪನಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ 1957ರಲ್ಲಿ ಎರಡು ನೆಕ್‌ಗಳ, ಅಂದರೆ ಎರಡು ಸಾಲು ತಂತಿಗಳ, 1000 ಮಾದರಿಯನ್ನು ತಂದಿತು. ಅದರ ಬೆನ್ನಿಗೇ ಒಂದೇ ನೆಕ್‌ನ 400 ಬಂತು. ಕಂಟ್ರಿ ಸಂಗೀತದ ಪೆಡಲ್ ಸ್ಟೀಲ್ ವಾದಕ ರಾಲ್ಫ್ ಮೂನಿ 1000 ನುಡಿಸಿದರು. ಫ್ಲೈಯಿಂಗ್ ಬರಿಟೊ ಬ್ರದರ್ಸ್ ಅನ್ನುವ ಕಂಟ್ರಿ-ರಾಕ್ ತಂಡದ ಸ್ನೀಕಿ ಪೀಟ್ ಕ್ಲೈನೋ ಅವರ ಕೈಯಲ್ಲಿ ಇದ್ದದ್ದು 400. ಅವರ ಇನ್ನೊಂದು ಕಸುಬು ಬೊಂಬೆಗಳನ್ನು ಚೂರು ಚೂರೇ ಸರಿಸಿ ಅನಿಮೇಷನ್ ಮಾಡುವುದು. ಅಂಥ ತಾಳ್ಮೆ ಇದ್ದವರಿಗೆ ಈ ಕೇಬಲ್‌ಗಳು ಏನೂ ಅನ್ನಿಸಿರಲಿಕ್ಕಿಲ್ಲ.

ಇನ್ನು ವಯಸ್ಸಿನ ವಿಷಯ. ಇಲ್ಲೇ ಜಾಸ್ತಿ ಜನ ಹಣ ಕಳಕೊಳ್ಳುವುದು. '1958ರ ಮಾಲು' ಅಂತ ಯಾರಾದರೂ ಹೇಳಿದರೆ ಗೋಣು ಆಡಿಸಿ, ಸ್ಕ್ರೂಡ್ರೈವರ್ ಕೇಳಿ. ವಾಲ್ಯೂಮ್ ಮತ್ತು ಟೋನ್ ಗುಂಡಿಗಳ ತಟ್ಟೆ ಬಿಚ್ಚಿದರೆ ಕೆಳಗೆ ಪೊಟೆನ್ಶಿಯೋಮೀಟರ್ ಇರುತ್ತದೆ. ಎಲ್ಲರೂ ಪಾಟ್ ಅನ್ನುವುದು ಇದಕ್ಕೇ. ಅದರ ಡಬ್ಬಿಯ ಮೇಲೆ ಅಂಕಿಗಳನ್ನು ಒತ್ತಿರುತ್ತಾರೆ. ಶುರುವಿನ 304 ಅಂದರೆ ಸ್ಟ್ಯಾಕ್‌ಪೋಲ್ ಕಂಪನಿ, 137 ಅಂದರೆ ಸಿ.ಟಿ.ಎಸ್. ಆಮೇಲೆ ಬರುವುದು ವರ್ಷ, ಕೊನೆಯ ಎರಡು ಅಂಕಿ ವಾರ. 3046320 ಅಂತಿದ್ದರೆ 1963ರ 20ನೇ ವಾರದಲ್ಲಿ ತಯಾರಾದ ಸ್ಟ್ಯಾಕ್‌ಪೋಲ್ ಪಾಟ್. 50ರ ದಶಕದ ಪಾಟ್‌ಗಳಲ್ಲಿ ವರ್ಷಕ್ಕೆ ಒಂದೇ ಅಂಕಿ, ಹಾಗಾಗಿ ಒಟ್ಟು ಆರೇ ಅಂಕಿ.

ಆದರೆ ಇದು ಪಾಟ್ ಹುಟ್ಟಿದ ದಿನ, ಗಿಟಾರ್ ಹುಟ್ಟಿದ ದಿನ ಅಲ್ಲ. ಪಾಟ್‌ಗಿಂತ ಗಿಟಾರ್ ಹಳೆಯದಾಗಿರಲು ಸಾಧ್ಯವಿಲ್ಲ ಅಂತ ಮಾತ್ರ ಹೇಳಬಹುದು, ಅದೂ ಬೆಸುಗೆ ಮೂಲದ್ದೇ ಆಗಿದ್ದರೆ. 1965ರ ಜನವರಿಯಲ್ಲಿ ಸಿ.ಬಿ.ಎಸ್. ಕಂಪನಿ ಫೆಂಡರನ್ನು ಕೊಂಡುಕೊಂಡಿತು. ಆಮೇಲೆ 1966ರ ಪಾಟ್‌ಗಳು ರಾಶಿ ರಾಶಿ ಬಂದು, ವರ್ಷಗಟ್ಟಲೆ ಅವನ್ನೇ ಹಾಕುತ್ತಾ ಹೋದರು. ಹಾಗಾಗಿ 1966ರ ಪಾಟ್ ಇರುವ ಗಿಟಾರ್ 1969ರದ್ದೂ ಆಗಿರಬಹುದು. ನನ್ನದರಲ್ಲಿ ಇರುವುದು ಅಂಥ ಪಾಟ್‌ಗಳೇ. '60ರ ದಶಕದ ಕೊನೆಯ ಭಾಗ' ಅಂತ ಬರೆದಿಟ್ಟುಕೊಂಡು ಸುಮ್ಮನಾಗಿದ್ದೇನೆ. ಬೆಸುಗೆ ಹೊಳೆಯುತ್ತಿದ್ದರೆ, ವೈರಿಗೆ ಹೊಸ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಯಾರೋ ಕೈಯಾಡಿಸಿದ್ದಾರೆ ಅಂತ ಅರ್ಥ. ಆಗ ಆ ಅಂಕಿಯನ್ನು ಮರೆತುಬಿಡಿ.

ಇನ್ನೊಂದು ಸುಳಿವಿಗೆ ಅಳತೆ ಪಟ್ಟಿ ಸಾಕು. ತಂತಿಯ ಒಂದು ತುದಿಯ ಆಸರೆಯಾದ ನಟ್‌ನಿಂದ ಇನ್ನೊಂದು ತುದಿಯ ಬ್ರಿಡ್ಜ್‌ವರೆಗೆ ಅಳೆಯಿರಿ. ಮೊದಮೊದಲ 400ಗಳಲ್ಲಿ ತಂತಿ ಉದ್ದ, 24½ ಇಂಚು. ಆಮೇಲಿನವು ಗಿಡ್ಡ. ಬರೀ ನುಡಿಸಲು ಬೇಕು ಅನ್ನುವವರು ಗಿಡ್ಡದ್ದನ್ನೇ ಹುಡುಕಿ ಅನ್ನುವುದು ನನ್ನ ಸಲಹೆ. ಉದ್ದ ಜಾಸ್ತಿ ಆದಷ್ಟೂ ಅದೇ ಸ್ವರಕ್ಕೆ ತಂತಿಯನ್ನು ಜಾಸ್ತಿ ಎಳೆಯಬೇಕು. ಮೇಲಿನ ಜಿ ಶಾರ್ಪ್ ತಂತಿ 0.011 ಇಂಚಿನದು. ಪೆಡಲ್ ಒತ್ತಿದಾಗ ಅದನ್ನು ಇನ್ನೂ ಎಳೆದರೆ ಪಟ್ ಅಂತ ಹರಿಯುತ್ತದೆ.

ಬಾಗಿಲಲ್ಲಿ ಫೆಂಡರ್ ಅನ್ನುವ ಹೆಸರು ಕಂಡ ಮಾತ್ರಕ್ಕೆ ಮನೆ ಫುಲರ್ಟನ್‌ನದ್ದು ಅಂತಲೂ ಅಂದುಕೊಳ್ಳಬೇಡಿ. 70ರ ದಶಕದ ಕೊನೆಗೆ ಬಂದ ಫೆಂಡರ್ ಆರ್ಟಿಸ್ಟ್ ಅನ್ನುವ ಹತ್ತು ತಂತಿಯ ಪೆಡಲ್ ಸ್ಟೀಲನ್ನು ಮಾಡಿಕೊಟ್ಟವರು ಶೋ-ಬಡ್ ಅನ್ನುವ ಇನ್ನೊಂದು ಪೆಡಲ್ ಸ್ಟೀಲ್ ಕಂಪನಿಯವರು. ಅದಕ್ಕೆ 400ರ ಬಿಡಿಭಾಗ ತರಿಸಿದರೆ ಒಂದೂ ಕೂರುವುದಿಲ್ಲ.

ಬಿಡಿಭಾಗದ ವಿಷಯಕ್ಕೆ ಬಂದರೆ ಈ ಗಿಟಾರ್‌ಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಹಳೆಯ ಶೋ-ಬಡ್‌ನಲ್ಲಿ ಕೆಲವು ಭಾಗ ಸತುವಿನ ಅಗ್ಗದ ಎರಕ. ಅದು ಕಾಲಕ್ಕೆ ಬಿರುಕು ಬಿಡುತ್ತದೆ, ಬೆಸುಗೆಗೂ ಒಗ್ಗುವುದಿಲ್ಲ. ಹೊಸದಾಗಿ ಕಡೆಸಬೇಕು, ಇಲ್ಲಾ ಇನ್ನೊಂದು ಗಿಟಾರ್ ಬಿಚ್ಚಿ ಮಾರುವವರನ್ನು ಕಾಯಬೇಕು. 400ರಲ್ಲಿ ಜಾಸ್ತಿ ಸವೆಯುವುದು ಕೇಬಲ್. ನನ್ನದರಲ್ಲಿ ಎಳೆ ಬಿಚ್ಚಿಕೊಂಡು ಬೆರಳಿಗೆ ಚುಚ್ಚುತ್ತಿದ್ದವು. ಹಾರ್ಡ್‌ವೇರ್ ಅಂಗಡಿಯಲ್ಲಿ 1/16 ಇಂಚಿನ ಸ್ಟೇನ್‌ಲೆಸ್ ಕೇಬಲ್ ಅಡಿ ಲೆಕ್ಕದಲ್ಲಿ ಸಿಗುತ್ತದೆ. ತುದಿಗೆ ಹಾಕುವ ಸಣ್ಣ ಕೊಳವೆಗಳೂ ಅಲ್ಲೇ ಇವೆ, ಒತ್ತುವ ಇಕ್ಕಳ ಇದ್ದರೆ ಆಯಿತು. ಕೇಬಲ್ ಸಿಕ್ಕಿಸುವ ಕೊಕ್ಕೆಗಳನ್ನು ಗಟ್ಟಿ ಉಕ್ಕಿನ ತಂತಿ ಬಗ್ಗಿಸಿ ನಾನೇ ಮಾಡಿಕೊಂಡೆ. ಹೊಸ ಕೇಬಲ್ ಮೊದಲಿಗೆ ಒಂಚೂರು ಹಿಗ್ಗುತ್ತದೆ. ಅದಕ್ಕೇ ಹಾಕುವ ಮುಂಚೆ ರಾತ್ರಿಯಿಡೀ ಭಾರ ಕಟ್ಟಿ ತೂಗುಹಾಕಿ. ಇಲ್ಲದಿದ್ದರೆ ಶ್ರುತಿ ಮಾಡುತ್ತಲೇ ಇರಬೇಕಾಗುತ್ತದೆ.

ಸ್ಪ್ರಿಂಗ್‌ಗಳ ವಿಷಯದಲ್ಲಿ ಅಸಲಿಯೇ ಬೇಕು ಅಂತ ಹಟ ಹಿಡಿಯಬೇಡಿ. ಉದ್ದ, ಹೊರಗಿನ ವ್ಯಾಸ, ತಂತಿಯ ದಪ್ಪ ಇವು ಮೂರನ್ನೂ ವರ್ನಿಯರ್‌ನಲ್ಲಿ ಅಳೆದು ಹೊಂದುವುದನ್ನು ಆರಿಸಿದರೆ ಸಾಕು. ಊರಿಂದ ಬಂದವರಿಗೆ ಒಂದು ಎಚ್ಚರಿಕೆ: ಇಲ್ಲಿ ಎಲ್ಲ ಥ್ರೆಡ್ಡೂ ಇಂಚಿನದು. ಊರಿನ ಡಬ್ಬಿಯಿಂದ ಎಂ5, ಎಂ6 ಬೋಲ್ಟ್ ತೆಗೆದು ತಿರುಗಿಸಿದರೆ ಅರ್ಧ ಸುತ್ತು ಹೋಗುತ್ತದೆ. ಬಲ ಹಾಕಿದಿರೋ, ಅಲ್ಯೂಮಿನಿಯಂನ ಥ್ರೆಡ್ ಹಾರಿಹೋಯಿತು.

ಒಬ್ಬ ಆನ್‌ಲೈನ್ ವ್ಯಾಪಾರಿಯಿಂದ ಪೆಡಲ್ ಸರಳು, ಅಂದರೆ ಪೆಡಲನ್ನು ಗಿಟಾರಿನ ಅಡಿಗೆ ಸೇರಿಸುವ ಸರಳು, ತರಿಸಿದ್ದೆ. 'ಅಸಲಿ ಫೆಂಡರ್' ಅಂತ ಹಾಕಿ ಒಂದಕ್ಕೆ 60 ಡಾಲರ್ ತಗೊಂಡರು. ಪೊಟ್ಟಣ ಬಿಚ್ಚಿದರೆ ಹೊಚ್ಚ ಹೊಸ ಸರಳು, ಮೇಲೆ ಹಳೆಯದರಂತೆ ಕಾಣಲು ಕಪ್ಪು ಬಳಿದಿದ್ದರು. ಕೆಲಸವೇನೋ ಮಾಡುತ್ತದೆ. ಅಂಥದ್ದನ್ನು ಲೇತ್ ಇರುವ ಯಾವ ವರ್ಕ್‌ಶಾಪ್‌ನಲ್ಲಾದರೂ ಕಾಲು ಭಾಗ ದುಡ್ಡಿಗೆ ಮಾಡಿಕೊಡುತ್ತಾರೆ. ಮಾದರಿಗೆ ಒಂದು ಹಳೆಯ ಸರಳು ಇದ್ದರಾಯಿತು.

ನುಡಿಸಲು ಹೇಗಿದೆ? ದನಿ ಚೊಕ್ಕ, ಸ್ವಲ್ಪ ಚೂಪು. ಫೆಂಡರ್ ಆಂಪ್ಲಿಫೈಯರ್‌ಗೆ ಸಿಕ್ಕಿಸಿ ರಿವರ್ಬ್ (ಮಾರ್ದನಿ) ಕೊಟ್ಟರೆ ಬೇರೇನೂ ಬೇಡ ಅನ್ನಿಸುತ್ತದೆ. ಕೇಬಲ್‌ನಿಂದಾಗಿ ಪೆಡಲ್ ಕಾಲಿಗೆ ಮೆತ್ತಗೆ ಸಿಗುತ್ತದೆ. ನನಗೆ ಅದು ಇಷ್ಟ. ಸರಳಿನ ಗಿಟಾರ್ ಅಭ್ಯಾಸ ಇದ್ದವರು ಮುಖ ಸಿಂಡರಿಸುತ್ತಾರೆ. ಪೆಡಲ್‌ನ ಕೆಲಸ ಬದಲಿಸಬೇಕಾದರೆ ಕೊಕ್ಕೆ ಕಳಚಿ ಪಕ್ಕದಲ್ಲಿ ಸಿಕ್ಕಿಸಿದರೆ ಮುಗಿಯಿತು. ಇಷ್ಟು ಸಲೀಸು ಬೇರೆ ಯಾವ ಪೆಡಲ್ ಸ್ಟೀಲ್‌ನಲ್ಲೂ ನಾನು ಕಂಡಿಲ್ಲ.

ಆದರೆ ಇವತ್ತಿನ ನ್ಯಾಶ್‌ವಿಲ್ ಶೈಲಿಯ ಪಾಠಗಳೆಲ್ಲ ಹತ್ತು ತಂತಿಯ ಇ9 ಶ್ರುತಿಗೆ ಬರೆದವು. ಅದಕ್ಕೆ ಮೂರು ಪೆಡಲ್ ಜೊತೆ ಮೊಣಕಾಲಿನಲ್ಲಿ ತಳ್ಳುವ ಲಿವರ್‌ಗಳೂ ಬೇಕು. ಇಲ್ಲಿ ಎರಡು ತಂತಿ ಕಮ್ಮಿ, ಮೊಣಕಾಲಿಗೆ ಏನೂ ಇಲ್ಲ. ಎ ಪೆಡಲ್ ಬಿ ಸ್ವರವನ್ನು ಸಿ ಶಾರ್ಪ್‌ಗೆ ಏರಿಸುತ್ತದೆ, ಬಿ ಪೆಡಲ್ ಜಿ ಶಾರ್ಪನ್ನು ಎ ಸ್ವರಕ್ಕೆ ಏರಿಸುತ್ತದೆ. ಇಷ್ಟು ಆರಾಮಾಗಿ ಮಾಡಿಕೊಳ್ಳಬಹುದು, ಹಳೆಯ ಹಾಡುಗಳಿಗೆ ಸಾಕು ಕೂಡ. ಅದರಾಚೆ ಕಲಿಯಬೇಕೆಂದಿರುವ ಹೊಸಬರು ಈ ದುಡ್ಡನ್ನು ಈಚಿನ ಹತ್ತು ತಂತಿಯದಕ್ಕೆ ಕೂಡಿಟ್ಟುಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ರಿಪೇರಿಯ ಚಪಲ ಇರುವವರಿಗೆ, ಆಗಲೇ ಒಂದು ಗಿಟಾರ್ ಇರುವವರಿಗೆ 400 ಹೇಳಿ ಮಾಡಿಸಿದ್ದು. ಐದಕ್ಕೆ ನಾಲ್ಕು.

ಕೊನೆಗೆ, ದುಡ್ಡು ಎಣಿಸುವ ಮುಂಚೆ ಮೂರು ವಸ್ತು ನೋಡಿ: ನಾಲ್ಕೂ ಕಾಲು, ಪೆಡಲ್‌ಗಳನ್ನು ಹಿಡಿಯುವ ಅಡ್ಡಪಟ್ಟಿ, ಮತ್ತು ಚೌಕಟ್ಟಿನಲ್ಲಿ ಕಾಲು ತಿರುಗಿಸುವ ಜಾಗ. ಮೊದಲ ಎರಡು ಇಲ್ಲದಿದ್ದರೆ ಬೆಲೆಯಲ್ಲಿ ಕಾಲು ಭಾಗ ಇಳಿಸಲು ಕೇಳಿ. ಮೂರನೆಯದರಲ್ಲಿ ಬಿರುಕು ಕಂಡರೆ ಅಲ್ಲೇ ಬಿಟ್ಟು ಬನ್ನಿ.